ಗಂಟಣ್ಣ ಕಂಡ ಹುಳು

ಡಬ್ಬಿಯಲ್ಲಿ ಏನಿದೆ ಎಂದು ಪಕ್ಕದ ಸೀಟಿನ ಹೆಂಗಸು ಈಗ ಕೇಳುತ್ತಾಳೆ, ಇನ್ನೊಂದು ಸ್ಟಾಪು ಕಳೆದ ಮೇಲೆ ಕೇಳುತ್ತಾಳೆ ಎಂದು ಬಸ್ಸು ಹತ್ತಿದಾಗಿನಿಂದ ಗಂಟಣ್ಣ ಕಾಯುತ್ತಿದ್ದ. ಆಕೆಯಲ್ಲಿ ಕೇಳುವ ಲಕ್ಷಣವೇನೂ ಇರಲಿಲ್ಲ. ಕಿಟಕಿಗೆ ತಲೆಯಾನಿಸಿ, ಬಾಯಿ ಅರ್ಧ ತೆರೆದುಕೊಂಡು ಒಳ್ಳೆಯ ನಿದ್ದೆಯಲ್ಲಿದ್ದಳು. ಆದರೂ ಅವನು ಉತ್ತರ ಹೊಂದಿಸಿಟ್ಟುಕೊಂಡಿದ್ದ. ಊಟ ಅಂದುಬಿಡುವುದು. ಊಟವಾದರೆ ಹಸುಗೂಸಿನ ಹಾಗೆ ಎರಡು ಕೈಯಲ್ಲಿ ಯಾಕೆ ಹಿಡಿದಿದ್ದೀರಿ ಎಂದರೆ? ಹಾಲಿದೆ, ಚೆಲ್ಲುತ್ತೆ ಅಂದರಾಯಿತು. ಊಟದ ಡಬ್ಬಿಯಲ್ಲಿ ಯಾರಾದರೂ ಹಾಲು ತರುತ್ತಾರೆಯೇ ಎಂದರೆ? ಅಲ್ಲಿಗೆ ಬಂದು ಉತ್ತರ ನಿಂತುಹೋಗುತ್ತಿತ್ತು. ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದ. ಅರವತ್ತೊಂದು ವರ್ಷದ ಮನುಷ್ಯ, ಯಾರೂ ಕೇಳದ ಪ್ರಶ್ನೆಗೆ ಸುಳ್ಳು ಹುಡುಕುತ್ತ ಕೂತಿದ್ದೇನಲ್ಲ ಎಂದು ತನ್ನ ಮೇಲೆ ತನಗೇ ನಗು ಬಂತು. ನಗು ಬಂತಲ್ಲ ಎಂದು ಸಮಾಧಾನವೂ ಆಯಿತು. ಭಾನುವಾರದಿಂದ ಅದು ಅವನ ಕಡೆ ಸುಳಿದಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವನು ಹಾಲ್‌ನಲ್ಲಿ ಹಳೆಯ ಪೇಪರ್ ಹಾಸಿಕೊಂಡು ಕಾಲಿನ ಉಗುರು ಕತ್ತರಿಸುತ್ತ ಕೂತಿದ್ದಾಗ ಹೊಸ ಪೇಪರ್ ಓದುತ್ತಿದ್ದ ಮಗಳು ಕೂಗಿದಳು, "ಅಪ್ಪಾ, ಇಲ್ನೋಡು! ನಮ್ಮನೆ ಶಂಖ ಪೇಪರಲ್ಲಿ ಬಂದಿದೆ!" ಶಂಖವೆಂದರೆ ಟೀವಿಯ ಪಕ್ಕದ ಕಪಾಟಿನಲ್ಲಿ, ಮಗಳ ಶಾಲೆಯ ಕಪ್ಪಿಗೂ ನಿಂತುಹೋದ ಗಡಿಯಾರಕ್ಕೂ ನಡುವೆ ಹದಿನೆಂಟು ವರ್ಷದಿಂದ ಕೂತಿದ್ದ, ಹೆಬ್ಬೆರಳಿನಷ್ಟುದ್ದದ, ಬುಗುರಿಯಂಥ ಚಿಪ್ಪು. ಪೇಪರಿನ ಫೋಟೋದಲ್ಲಿ ಅದರ ಅರ್ಧವಷ್ಟೇ ಇತ್ತು, ಯಾರದೋ ಅಂಗೈಯ ಮೇಲೆ, ಒಡೆದ ಅಂಚು ಮೇಲಾಗಿ. ಆದರೆ ಆ ಸುರುಳಿ, ಸುರುಳಿಯುದ್ದಕ್ಕೂ ಸಾಲುಗಟ್ಟಿ ನಿಂತ ಸಣ್ಣ ಸಣ್ಣ ಕೂದಲು, ಒಣಹುಲ್ಲಿನ ಬಣ್ಣದ ಆ ಸಿಪ್ಪೆ, ಎಲ್ಲ ಅದೇ. ಮಗಳು ಗಟ್ಟಿಯಾಗಿ ಓದತೊಡಗಿದಳು. ಮ್ಯೂಸಿಯಮ್ಮಿನಲ್ಲಿ ಕಡಲಾಳದ ಬಸವನಹುಳುಗಳನ್ನು ಅಭ್ಯಾಸ ಮಾಡುವ ವಿಜ್ಞಾನಿಯ ಮಾತು ಅದು. ಈ ಜಾತಿಯದು ತನ್ನ ಹತ್ತಿರ ಈ ಅರ್ಧ ಚಿಪ್ಪೊಂದೇ ಇದೆ, ಹದಿನೆಂಟು ವರ್ಷದ ಹಿಂದೆ ಕೇಬಲ್ ದುರಸ್ತಿ ಹಡಗಿನಲ್ಲಿ ಸಿಕ್ಕಿತು, ಒಂದೇ ಒಂದು ಇಡೀ ಚಿಪ್ಪು ಸಿಕ್ಕಿದ್ದರೆ ಎಷ್ಟು ಪ್ರಶ್ನೆಗೆ ಉತ್ತರ ಸಿಗುತ್ತಿತ್ತೋ ಎಂದು ಆಕೆ ಹೇಳಿದ್ದಳು. ಹೆಂಡತಿ ಒದ್ದೆ ಕೈಯಲ್ಲೇ ಬಂದು ಇಣುಕಿ "ಹೌದಲ್ರೀ!" ಎಂದಳು. ಅವನು ಕಿರುಬೆರಳಿನ ಉಗುರಿಗೆ ವಿಪರೀತ ಗಮನ ಕೊಡುತ್ತ, "ಶಂಖ ಎಲ್ಲಾ ಒಂದೇ ಥರ ಇರುತ್ತೆ" ಎಂದ. "ಕೂದಲಿರೋ ಶಂಖ ಎಷ್ಟು ನೋಡಿದೀಯ ಅಪ್ಪಾ?" ಎಂದಳು ಮಗಳು. ಆ ಕ್ಷಣಕ್ಕೆ ಉಗುರು ಬೇಕಾದ್ದಕ್ಕಿಂತ ಒಳಕ್ಕೆ ಕತ್ತರಿಸಿಹೋಯಿತು. ಆ ಬೆರಳು ಈಗಲೂ ಶೂ ಒಳಗೆ ಚುರುಗುಡುತ್ತಿತ್ತು.

ಅವನ ನಿಜವಾದ ಹೆಸರು ಹಡಗಿನಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಕಡಲ ತಳದಲ್ಲಿ ಹಾಸಿದ ಕೇಬಲ್ ಎಲ್ಲಾದರೂ ತುಂಡಾದರೆ ಕೊಕ್ಕೆ ಬಿಟ್ಟು ಎರಡೂ ತುದಿಗಳನ್ನು ಮೇಲಕ್ಕೆಳೆಯುತ್ತಾರೆ. ಆ ತುದಿಗಳನ್ನು ಎಳೆ ಎಳೆಯಾಗಿ ಕೂಡಿಸಿ, ನೀರು ಹೋಗದ ಹಾಗೆ ರಾಳ ಹಾಕಿ ಮುಚ್ಚುವವನು ಇವನು. ಗಂಟು ಹಾಕುವವನು ಗಂಟಣ್ಣ. ಮುಖವೂ ಸ್ವಲ್ಪ ಗಂಟು ಹಾಕಿದ ಹಾಗೆಯೇ ಇದ್ದುದರಿಂದ ಹೆಸರು ಅಂಟಿಕೊಂಡಿತು. ಹೆಂಡತಿ ಕೂಡ ಸಿಟ್ಟು ಬಂದಾಗ ಅದೇ ಹೆಸರಿನಿಂದ ಕರೆಯುತ್ತಿದ್ದಳು. ಆ ಸಲದ ಯಾನದಲ್ಲಿ ಹಡಗಿಗೆ ಒಬ್ಬಳು ಹುಡುಗಿ ಬಂದಿದ್ದಳು. ಇನ್ನೂ ಓದುತ್ತಿದ್ದವಳು, ದಪ್ಪ ಕನ್ನಡಕ, ಎರಡು ಪೆಟ್ಟಿಗೆ ತುಂಬ ಖಾಲಿ ಬಾಟಲಿ. ಮೊದಲ ದಿನ ಊಟದ ಕೋಣೆಯಲ್ಲಿ ಎದ್ದು ನಿಂತು, ಕೇಬಲಿಗೆ ಅಂಟಿಕೊಂಡು ಏನೇ ಬರಲಿ, ಎಷ್ಟು ಸಣ್ಣದೇ ಇರಲಿ, ದಯವಿಟ್ಟು ತನಗೆ ಕೊಡಿ ಎಂದು ನಡುಗುವ ಧ್ವನಿಯಲ್ಲಿ ಕೇಳಿಕೊಂಡಳು. ಸಂಜೆಯಾಗುವುದರೊಳಗೆ ಅವಳಿಗೆ ಚಿಪ್ಪಮ್ಮ ಎಂದು ಹೆಸರಾಯಿತು. ಹತ್ತನೆಯ ದಿನವೋ ಹನ್ನೊಂದನೆಯ ದಿನವೋ ಡೆಕ್ಕಿನವರು ಸವೆದ ಬೂಟಿನ ಅಟ್ಟೆಯೊಂದನ್ನು ನೀರಲ್ಲಿ ಅದ್ದಿ, ಪೇಪರಿನಲ್ಲಿ ಸುತ್ತಿ, "ಮೇಡಂ, ಸಾವಿರದ ನಾನೂರು ಮೀಟರಿಂದ ಬಂತು" ಎಂದು ತಂದುಕೊಟ್ಟರು. ಅವಳು ಕಣ್ಣರಳಿಸಿ, ಬೆರಳು ತಾಗಿದರೆ ನೋಯುತ್ತದೇನೋ ಎಂಬಂತೆ ಮಡಿಕೆ ಬಿಚ್ಚಿದಳು. ಇಪ್ಪತ್ತು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಂಟಣ್ಣನೂ ನಕ್ಕ. ಅವನು ನಕ್ಕಾಗ ಅವನ ಜಾಕೆಟ್ಟಿನ ಒಳಜೇಬಿನಲ್ಲಿ, ಉಪ್ಪುನೀರಲ್ಲಿ ನೆನೆಸಿದ ಬಟ್ಟೆಯಲ್ಲಿ, ನಿಜಕ್ಕೂ ಸಾವಿರದ ನಾನೂರು ಮೀಟರಿನಿಂದ ಬಂದದ್ದೊಂದು ಇತ್ತು. ಅಂದು ಬೆಳಿಗ್ಗೆಯೇ ಬಂದಿತ್ತು. ಅದರ ಒದ್ದೆ ಅಂಗಿಯವರೆಗೂ ಇಳಿದು ಎದೆಗೆ ತಣ್ಣಗೆ ತಾಗುತ್ತಿತ್ತು.

ಕಳ್ಳತನ ಎಂಬ ಮಾತು ಆಗ ತಲೆಗೆ ಬಂದಿರಲಿಲ್ಲ, ಅಥವಾ ಬಂದರೂ ಅದನ್ನು ಕೂರಿಸಿ ಮಾತಾಡಿಸುವಷ್ಟು ಪುರುಸೊತ್ತು ಅವನು ಕೊಟ್ಟಿರಲಿಲ್ಲ. ತಲೆಯಲ್ಲಿದ್ದದ್ದು ಮಗಳು. ಆರು ವರ್ಷದವಳು. ಪ್ರತಿ ಸಲ ಮನೆಗೆ ಹೋದಾಗಲೂ ಬಾಗಿಲಲ್ಲೇ ಕೈ ಚಾಚಿ ಏನು ತಂದೆ ಎನ್ನುತ್ತಿದ್ದಳು. ಅವನ ಹಡಗು ಬಂದರಿನಿಂದ ಹೊರಟು ನಡುಗಡಲಲ್ಲಿ ಎರಡು ತಿಂಗಳು ನಿಂತು ಅದೇ ಬಂದರಿಗೆ ವಾಪಸಾಗುವ ಹಡಗು, ತರಲು ಏನಿದೆ? ಒಮ್ಮೆ ಅವಳು ಪಕ್ಕದ ಮನೆಯ ಹುಡುಗಿಗೆ, "ನಮ್ಮಪ್ಪ ಸಮುದ್ರಕ್ಕೆ ಹೋಗೋದೆಲ್ಲಾ ಸುಳ್ಳು, ಎಲ್ಲೋ ಮಲಕ್ಕೊಂಡಿದ್ದು ಬರ್ತಾನೆ" ಎಂದದ್ದನ್ನು ಸ್ನಾನದ ಮನೆಯಲ್ಲಿ ಸೋಪು ಹಚ್ಚಿಕೊಳ್ಳುತ್ತ ನಿಂತು ಕೇಳಿಸಿಕೊಂಡಿದ್ದ. ಅದಕ್ಕೆ ಕೈಯೆತ್ತಿ ಸಾಕ್ಷಿ ಹೇಳುವಂಥದ್ದು ಏನೂ ಅವನಲ್ಲಿ ಇರಲಿಲ್ಲ. ಆದ್ದರಿಂದ ಆ ಸಲ ಬಾಗಿಲಲ್ಲಿ ಚಾಚಿದ ಕೈಗೆ ಚಿಪ್ಪನ್ನು ಇಟ್ಟಾಗ ಅವಳ ಮುಖ ಏನಾಯಿತೋ ಅದಕ್ಕಾಗಿ ಇಡೀ ಕಡಲನ್ನೇ ಕದಿಯಬಹುದಿತ್ತು ಎಂದು ಅವನಿಗೆ ಈಗಲೂ ಅನ್ನಿಸುತ್ತದೆ. ಚಿಪ್ಪು ಬರುವಾಗಲೇ ನಾರುತ್ತಿತ್ತು. ಹುಳು ಒಳಗೆ ಎಳೆದುಕೊಂಡು ಮುಚ್ಚಳ ಹಾಕಿಕೊಂಡು ಸತ್ತಿತ್ತು. ಹೆಂಡತಿ ಮೂಗಿಗೆ ಸೆರಗು ಹಿಡಿದು ಕಸದ ಬುಟ್ಟಿ ತಂದಳು. ಮಗಳು ಅಳುತ್ತ ಚಿಪ್ಪನ್ನು ಎದೆಗವಚಿಕೊಂಡಳು. ಕೊನೆಗೆ ಅವನು ತನ್ನ ಪೆಟ್ಟಿಗೆಯಲ್ಲಿದ್ದ ಕೇಬಲ್ ರಾಳವನ್ನು ಕಲಸಿ ಅದರ ಬಾಯಿಗೆ ಗಂಟಿಗೆ ಹಾಕುವ ಹಾಗೆಯೇ ಹಾಕಿ ಬಿಗಿಯಾಗಿ ಮುಚ್ಚಿದ. ಮೇಲೆ ಮಗಳು ಅಮ್ಮನ ನೇಲ್ ಪಾಲಿಶ್ ಬಳಿದಳು, ಪುಣ್ಯಕ್ಕೆ ಬಣ್ಣವಿಲ್ಲದ್ದು. ಮನೆಗೆ ಬಂದವರೆಲ್ಲ ಅದನ್ನೆತ್ತಿ ಕಿವಿಗಿಟ್ಟುಕೊಂಡು, ಏನೂ ಕೇಳಿಸದೆ, ಇದೆಂಥದ್ದು ಮೂಗ ಶಂಖ ಎಂದು ವಾಪಸು ಇಡುತ್ತಿದ್ದರು. ಎಲ್ಲಿ ಸಿಕ್ಕಿತು ಎಂದು ಕೇಳಿದರೆ ಅವನು ಎದ್ದು ನೀರು ಕುಡಿಯಲು ಹೋಗುತ್ತಿದ್ದ.

ಇವತ್ತು ಬೆಳಿಗ್ಗೆ ಅದನ್ನು ಕಪಾಟಿನಿಂದ ತೆಗೆದು ಪ್ಯಾಂಟಿನ ಜೇಬಿಗೆ ಸೇರಿಸುವಾಗ ಹೆಂಡತಿ ಹಿಂದೆಯೇ ನಿಂತಿದ್ದಳು. "ಕನ್ನಡಕ ರಿಪೇರಿಗೆ ಹೋಗ್ತಿದೀನಿ" ಎಂದ, ಅವಳು ಕೇಳುವ ಮೊದಲೇ. ಅವಳು ಒಳಗೆ ಹೋಗಿ ಟಿಫನ್ ಡಬ್ಬಿಯನ್ನೂ ಒಂದು ಮೆತ್ತನೆಯ ಟವೆಲನ್ನೂ ತಂದಳು.

"ಜೇಬಲ್ಲಿ ಇಟ್ಕೊಂಡ್ರೆ ಬಸ್ಸಲ್ಲಿ ಚಪ್ಪಟೆ ಆಗುತ್ತೆ. ಕೊಡಿ ಇಲ್ಲಿ."

"ಅಲ್ವೇ, ಇದು ಹಡಗಿನೋರು ಕೊಟ್ಟಿದ್ದು, ಸುಮ್ನೆ ತೋರಿಸ್ಕೊಂಡು ಬರೋಣಾಂತ…"

"ಯಾರೂ ಕೊಟ್ಟಿಲ್ಲ. ಕೊಟ್ಟಿದ್ದಿದ್ರೆ ನೀವು ಸುಮ್ನೆ ಇರ್ತಿದ್ರಾ? ಯಾರು ಕೊಟ್ರು, ಯಾಕೆ ಕೊಟ್ರು, ಕೊಡುವಾಗ ಏನಂದ್ರು, ನೂರು ಸಲ ಕೇಳಿ ಆಗಿರೋದು ನಂಗೆ. ಹದಿನೆಂಟು ವರ್ಷದಲ್ಲಿ ಒಂದ್ಸಲಾನೂ ಹೇಳ್ಲಿಲ್ಲ." ಟವೆಲಿನಲ್ಲಿ ಚಿಪ್ಪನ್ನು ಸುತ್ತಿ, ಡಬ್ಬಿಯೊಳಗೆ ಕೂರಿಸಿ, ಮುಚ್ಚಳ ಒತ್ತಿ ಅವನ ಕೈಗಿಟ್ಟಳು. "ನಾರುತ್ತಿತ್ತಲ್ಲ, ಆವತ್ತೇ ಗೊತ್ತಾಯ್ತು. ಕೊಡೋ ವಸ್ತು ಯಾರಾದ್ರೂ ತೊಳೀದೆ ಕೊಡ್ತಾರಾ? ಹೋಗ್ಬನ್ನಿ. ಬೈದ್ರೆ ಬೈಸ್ಕೊಂಡು ಬನ್ನಿ."

ಮ್ಯೂಸಿಯಮ್ಮಿನ ಹಿಂಬಾಗಿಲಲ್ಲಿ ಕಾವಲುಗಾರ ಪದಬಂಧ ಬಿಡಿಸುತ್ತ ಕೂತಿದ್ದ. ಮುಂಬಾಗಿಲಿಗೆ ಹೋಗುವ ಧೈರ್ಯ ಗಂಟಣ್ಣನಿಗೆ ಆಗಿರಲಿಲ್ಲ. ಅಲ್ಲಿ ಶಾಲೆಯ ಮಕ್ಕಳ ಸಾಲು, ಗದ್ದಲ, ಎಲ್ಲರ ಕಣ್ಣೂ ತನ್ನ ಡಬ್ಬಿಯ ಮೇಲೆಯೇ ಇದೆ ಎನ್ನಿಸಿತ್ತು. ಕಾವಲುಗಾರ ತಲೆಯೆತ್ತಿ, ಸವೆದ ಶರ್ಟನ್ನೂ ದಪ್ಪ ಬೆರಳುಗಳನ್ನೂ ಡಬ್ಬಿಯನ್ನೂ ಒಮ್ಮೆ ನೋಡಿ, "ಲೈಟ್ ರಿಪೇರಿಯೋರಲ್ವಾ? ಏನ್ ಸ್ವಾಮಿ ನೀವು, ಬೆಳಿಗ್ಗೆ ಬರ್ತೀನಿ ಅಂದೋರು ಈಗ ಬರ್ತಿದೀರಿ! ಮೇಡಂ ಮೂರು ಸಲ ಕೇಳಿದ್ರು" ಎಂದು ಎದ್ದುಬಿಟ್ಟ. ಅಲ್ಲ ಎನ್ನಲು ಬಾಯಿ ತೆರೆಯಿತು. ತೆರೆದ ಬಾಯಿ ಹಾಗೆಯೇ ಮುಚ್ಚಿಕೊಂಡಿತು. ಅಲ್ಲ ಎಂದರೆ ಮತ್ತೆ ಯಾರು ಎಂಬ ಪ್ರಶ್ನೆ ಬರುತ್ತದಲ್ಲ. ಕಳ್ಳ ಎಂದು ಹೇಳಿಕೊಂಡು ಒಳಗೆ ಹೋಗುವುದಕ್ಕಿಂತ ರಿಪೇರಿಯವನಾಗಿ ಹೋಗುವುದು ಎಷ್ಟೋ ವಾಸಿ ಎನ್ನಿಸಿತು. ಕಾವಲುಗಾರನ ಹಿಂದೆ ಮೆಟ್ಟಿಲು ಹತ್ತುತ್ತ, ತಾನೀಗ ಒಂದು ಕಳ್ಳತನವನ್ನು ಒಪ್ಪಿಕೊಳ್ಳಲು ಬಂದು ಇನ್ನೊಂದು ಮೋಸ ಶುರುಮಾಡಿದ್ದೇನೆ ಎಂದು ಲೆಕ್ಕ ಹಾಕಿದ. ಆದರೆ ಕಾಲುಗಳು ಹಗುರವಾಗಿದ್ದವು. ಎರಡು ವರ್ಷವಾಗಿತ್ತು, ಯಾರಾದರೂ ಅವನನ್ನು ಒಂದು ಕೆಲಸಕ್ಕೆ ಅಂತ ಕರೆದು.

ಚಿಪ್ಪಿನ ಕೋಣೆ ಉದ್ದಕ್ಕಿತ್ತು. ಎರಡೂ ಕಡೆ ಗೋಡೆಯೆತ್ತರದ ಬೀರುಗಳು, ಬೀರು ತುಂಬ ಚಪ್ಪಟೆ ಡ್ರಾಯರುಗಳು, ಒಂದೊಂದಕ್ಕೂ ಹಿತ್ತಾಳೆಯ ಹಿಡಿ. ಗಾಳಿಯಲ್ಲಿ ಸ್ಪಿರಿಟ್ಟಿನ ವಾಸನೆ. ಯಾರೂ ಇರಲಿಲ್ಲ. ಮೇಡಂ ಮೀಟಿಂಗಿನಲ್ಲಿದ್ದಾರೆ, ಬರುವುದರೊಳಗೆ ಮುಗಿಸಿ ಎಂದು ಕಾವಲುಗಾರ ಹೋದ. ಮೇಜಿನ ಮೇಲೆ ಸೂಕ್ಷ್ಮದರ್ಶಕ, ಅದರ ಪಕ್ಕಕ್ಕೆ ಬಾಗಿದ ಕತ್ತಿನ ದೀಪ, ಅದೇ ಕೆಟ್ಟಿದ್ದು. ಗಂಟಣ್ಣ ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ವೈರನ್ನು ಬೆರಳ ಸಂದಿಯಲ್ಲಿ ಎಳೆದುಕೊಂಡು ಹೋದ. ಬೆರಳುಗಳಿಗೆ ಅವನ ಅಪ್ಪಣೆ ಬೇಕಾಗಲಿಲ್ಲ. ಮೇಜಿನ ಕಾಲು ಉಜ್ಜಿ ಉಜ್ಜಿ ಒಂದು ಕಡೆ ಒಳಗಿನ ತಂತಿ ಹರಿದಿರುವುದು ಅವಕ್ಕೆ ಮೊದಲು ಗೊತ್ತಾಗಿ, ಆಮೇಲೆ ಅವನಿಗೆ ತಿಳಿಸಿದವು. ಡ್ರಾಯರಿನಲ್ಲಿ ಬ್ಲೇಡು ಸಿಕ್ಕಿತು, ಅಂಟುಪಟ್ಟಿ ಸಿಕ್ಕಿತು. ಪ್ಲಗ್ ಕಿತ್ತು, ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಹರಿದ ಜಾಗ ಕತ್ತರಿಸಿ, ತಾಮ್ರದ ಎಳೆಗಳನ್ನು ಬಿಡಿಸಿ, ಒಂದರೊಳಗೊಂದು ಹೆಣೆದ. ಒಂದು ತುದಿ ಇನ್ನೊಂದನ್ನು ಒಪ್ಪಿಕೊಳ್ಳುವ ಆ ಚಿಕ್ಕ ಹಿಡಿತ ಬೆರಳಿಗೆ ತಾಗಿದಾಗ ಮೈಯೆಲ್ಲ ಒಂಥರಾ ಬೆಚ್ಚಗಾಯಿತು. ಕಡಲು, ಡೆಕ್ಕಿನ ಮೇಲಿನ ಟಾರ್ಪಾಲಿನ ಗುಡಾರ, ಒಳಗೆ ತಾನೊಬ್ಬನೇ, ಎರಡು ತುದಿಗಳ ನಡುವೆ ಎರಡು ದೇಶಗಳ ಮಾತು ನಿಂತುಹೋಗಿ ಕಾಯುತ್ತಿದೆ, ತನ್ನ ಕೈಗಾಗಿ ಕಾಯುತ್ತಿದೆ. ಆ ಹೆಮ್ಮೆಯನ್ನು ಅವನು ಯಾರಿಗೂ ಹೇಳಿಕೊಂಡವನಲ್ಲ. ಪ್ಲಗ್ ಹಾಕಿದ. ದೀಪ ಹತ್ತಿತು. ಅವನು ಹಲ್ಲು ಕಾಣುವಷ್ಟು ನಕ್ಕ. ಹಿಂದಿನಿಂದ "ಅಬ್ಬಾ, ಬಂತಾ!" ಎಂಬ ಧ್ವನಿ ಕೇಳಿತು.

ಕನ್ನಡಕ ಅಷ್ಟೇ ದಪ್ಪ. ಕೂದಲು ಅರ್ಧಕ್ಕರ್ಧ ಬೆಳ್ಳಗೆ. ನಡುಗುವ ಧ್ವನಿ ಮಾತ್ರ ಎಲ್ಲಿಯೋ ಹೋಗಿಬಿಟ್ಟಿತ್ತು. "ಒಂದು ವಾರದಿಂದ ಒದ್ದಾಡ್ತಿದೀನಿ ಇದರ ಜೊತೆ. ಎಷ್ಟು ಚೆನ್ನಾಗಿ ಹಾಕಿದೀರಿ ಗಂಟು! ಬನ್ನಿ, ಟೀ ಕುಡೀರಿ" ಎಂದಳು. ಬೇಡ ಮೇಡಂ, ಬರ್ತೀನಿ ಮೇಡಂ ಎನ್ನುತ್ತ ಅವನು ಡಬ್ಬಿ ಎತ್ತಿಕೊಂಡ. ಎಷ್ಟು ಸುಲಭವಾಗಿತ್ತು. ಆಕೆಗೆ ತನ್ನಿಂದ ಒಂದು ಉಪಕಾರವಾಯಿತು, ಮುಖದಲ್ಲಿ ನಗು ಇದೆ, ಹೀಗೆಯೇ ಹೊರಟುಹೋದರೆ ಆ ನಗು ಹಾಗೆಯೇ ಉಳಿಯುತ್ತದೆ. ಚಿಪ್ಪನ್ನು ಅಂಚೆಯಲ್ಲಿ ಕಳಿಸಬಹುದು, ಹೆಸರು ಬರೆಯದೆ. ಬಾಗಿಲವರೆಗೂ ಹೋದ. ಅಲ್ಲಿ ಹೆಂಡತಿಯ ಮಾತು ಕೇಳಿಸಿತೋ, ಬೆರಳು ಚುರುಗುಟ್ಟಿತೋ, ಅಥವಾ ಆಕೆ ಸೂಕ್ಷ್ಮದರ್ಶಕಕ್ಕೆ ಬಾಗಿದಾಗ ಕತ್ತಿನ ಹಿಂಭಾಗ ಆ ಹುಡುಗಿಯದೇ ಹಾಗೆ, ಅಟ್ಟೆಯ ಪೇಪರು ಬಿಚ್ಚಿದವಳ ಹಾಗೆ, ಅಷ್ಟೇ ನಂಬಿಕೆಯಿಂದ ಬಾಗಿತೋ, ಅವನು ತಿರುಗಿ ನಿಂತು, "ಮೇಡಂ, ನಾನು ರಿಪೇರಿಯವನಲ್ಲ" ಎಂದ.

ಅದೇ ಹೊತ್ತಿಗೆ ಕಾವಲುಗಾರ ಏದುಸಿರು ಬಿಡುತ್ತ ಬಂದ. ಅವನ ಹಿಂದೆ ಹೆಗಲಿಗೆ ಉಪಕರಣದ ಚೀಲ ಹಾಕಿಕೊಂಡ ಇನ್ನೊಬ್ಬ. "ಮೇಡಂ! ರಿಪೇರಿಯೋರು ಈಗ ಬಂದ್ರು! ಹಾಗಾದ್ರೆ ಈ ಮನುಷ್ಯ ಯಾರು?"

"ಅದನ್ನೇ ಅವರು ಹೇಳ್ತಿದ್ರು" ಎಂದಳು ಆಕೆ.

"ಡಬ್ಬಿಯಲ್ಲೇನಿದೆ?" ಬಸ್ಸಿನಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಕಾವಲುಗಾರ ಕೇಳಿಬಿಟ್ಟ. "ಅರ್ಧ ಗಂಟೆ ಒಬ್ಬರೇ ಇದ್ರಿ ಇಲ್ಲಿ. ತೆಗೀರಿ ನೋಡೋಣ." ಹೊಂದಿಸಿಟ್ಟುಕೊಂಡಿದ್ದ ಉತ್ತರಗಳಲ್ಲಿ ಒಂದೂ ನೆನಪಾಗಲಿಲ್ಲ. ಗಂಟಣ್ಣ ಡಬ್ಬಿಯ ಮುಚ್ಚಳ ತೆಗೆದು, ಟವೆಲಿನ ಮಡಿಕೆ ಬಿಡಿಸಿದ. ಕಾವಲುಗಾರ ಇಣುಕಿ ನೋಡಿ, ತನ್ನ ಇಡೀ ಕೆಲಸದ ಅವಧಿಯಲ್ಲಿ ಇಂಥದ್ದೊಂದು ಕ್ಷಣಕ್ಕಾಗಿಯೇ ಕಾದಿದ್ದವನ ಹಾಗೆ ಕೂಗಿದ, "ನೋಡಿ ಮೇಡಂ! ಚಿಪ್ಪು! ಕದ್ದಿದಾನೆ!"

"ಹೌದು" ಎಂದ ಗಂಟಣ್ಣ. "ಕದ್ದಿದ್ದೇ. ಆದ್ರೆ ಇಲ್ಲಿಂದಲ್ಲ."

ಆಮೇಲೆ ಅವನು ಏನೇನು ಹೇಳಿದ, ಯಾವ ಕ್ರಮದಲ್ಲಿ ಹೇಳಿದ ಎಂಬುದು ಅವನಿಗೇ ಸರಿಯಾಗಿ ತಿಳಿಯಲಿಲ್ಲ. ಜಾಕೆಟ್ಟಿನ ಜೇಬು ಮೊದಲು ಬಂತು, ಮಗಳ ಚಾಚಿದ ಕೈ ಆಮೇಲೆ, ಹಡಗು ಎಲ್ಲಕ್ಕಿಂತ ಕೊನೆಗೆ. ಆಕೆ ಚಿಪ್ಪನ್ನು ಮುಟ್ಟಿರಲಿಲ್ಲ. ಮೇಜಿನ ಎರಡೂ ಅಂಚು ಹಿಡಿದುಕೊಂಡು ಅದನ್ನೇ ನೋಡುತ್ತಿದ್ದಳು. "ಗಂಟಣ್ಣ" ಎಂದಳು. "ಟಾರ್ಪಾಲಿನ ಗುಡಾರದಲ್ಲಿ ಕೂರ್ತಿದ್ರಿ. ಚಿಪ್ಪಮ್ಮ ಅಂತಿದ್ರಿ ನೀವೆಲ್ಲ ನನ್ನ."

"ಅದು ನಿಮಗೆ ಗೊತ್ತಿತ್ತಾ ಮೇಡಂ?"

"ಹಡಗಲ್ಲಿ ಗೋಡೆ ಎಷ್ಟು ದಪ್ಪ ಇರುತ್ತೆ?" ಆಕೆ ಇನ್ನೂ ಚಿಪ್ಪನ್ನೇ ನೋಡುತ್ತಿದ್ದಳು. "ಬೂಟಿನ ಅಟ್ಟೆ ಕೊಟ್ಟಾಗ ನೀವೂ ನಕ್ರಿ."

"ನಕ್ಕೆ."

"ಆಗ ಇದು ನಿಮ್ಮ ಜೇಬಲ್ಲಿತ್ತು."

"ಇತ್ತು ಮೇಡಂ."

ಕಾವಲುಗಾರನೂ ರಿಪೇರಿಯವನೂ ಬಾಗಿಲಲ್ಲೇ ನಿಂತಿದ್ದರು. ಆಕೆ ಕುರ್ಚಿ ಎಳೆದುಕೊಂಡು ಕೂತು, ಧ್ವನಿ ಏರಿಸದೆ, ಯಾರದೋ ಕಥೆ ಹೇಳುವ ಹಾಗೆ ಹೇಳಿದಳು. ಅರ್ಧ ಚಿಪ್ಪು ಹಿಡಿದುಕೊಂಡು ಹೋಗಿ, ಇದು ಆ ಆಳದಲ್ಲಿ ಬದುಕುವ ಹುಳು ಎಂದಿದ್ದಕ್ಕೆ ದೊಡ್ಡವರೆಲ್ಲ ನಕ್ಕಿದ್ದರಂತೆ. ಖಾಲಿ ಚಿಪ್ಪು ಎಲ್ಲಿಂದ ಬೇಕಾದರೂ ಉರುಳಿ ಬೀಳಬಹುದು, ಮೇಲೆಲ್ಲೋ ಸತ್ತದ್ದು ಕೆಳಗೆ ಬಿದ್ದಿದೆ ಎಂದರಂತೆ. ಓದಿನ ವಿಷಯ ಬದಲಾಯಿಸಬೇಕಾಯಿತು. ಏಳು ವರ್ಷ ಚರಂಡಿ ನೀರು ಕಡಲಿಗೆ ಸೇರುವ ಕಡೆ ಮೊಣಕಾಲುದ್ದ ಬೂಟು ಹಾಕಿಕೊಂಡು ಸಿಂಪಿ ಎಣಿಸಿದಳು. ಏಳು ವರ್ಷ ಎಂದಾಗ ಗಂಟಣ್ಣನಿಗೆ ತನ್ನ ಮಗಳ ಆರನೆಯ ವರ್ಷದಿಂದ ಹದಿಮೂರನೆಯ ವರ್ಷದವರೆಗಿನ ಹುಟ್ಟುಹಬ್ಬಗಳೆಲ್ಲ ಒಂದರ ಹಿಂದೊಂದು ಕಣ್ಮುಂದೆ ಬಂದವು. ಪ್ರತಿಯೊಂದರ ಹಿನ್ನೆಲೆಯಲ್ಲೂ ಕಪಾಟು, ಕಪಾಟಿನಲ್ಲಿ ಚಿಪ್ಪು, ಎಲ್ಲೋ ಚರಂಡಿಯ ಬಾಯಲ್ಲಿ ಈ ಹುಡುಗಿ. ತಪ್ಪಾಯ್ತು ಎಂಬ ಮಾತು ಇದಕ್ಕೆ ಸಾಲುವುದಿಲ್ಲವಲ್ಲ ಎನ್ನಿಸಿತು. ಆದರೂ ಇದ್ದದ್ದು ಅದೊಂದೇ ಮಾತಾದ್ದರಿಂದ ಅದನ್ನೇ ಹೇಳಿದ.

"ನಂಗೆ ತುಂಬಾ ಕೋಪ ಬರ್ತಿದೆ" ಎಂದಳು ಆಕೆ. ಎದ್ದು ಕೈಗವಸು ಹಾಕಿಕೊಂಡಳು. "ಆಮೇಲೆ ಮಾಡ್ಕೋತೀನಿ. ಈಗ ಪುರುಸೊತ್ತಿಲ್ಲ."

ಚಿಪ್ಪನ್ನು ಎರಡು ಬೆರಳಲ್ಲಿ ಎತ್ತಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಮೊದಲ ಮಾತು, "ಅಯ್ಯೋ ದೇವರೇ, ಇದೇನಿದು ಹೊಳೀತಿದೆ?" ನೇಲ್ ಪಾಲಿಶ್ ಎಂದು ಹೇಳುವಾಗ ಗಂಟಣ್ಣನಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಆಕೆ ಹಣೆ ಚಚ್ಚಿಕೊಂಡಳು. ಇದನ್ನು ಬಿಡಿಸಲು ಹದಿನೈದು ದಿನ ಬೇಕು, ಅರ್ಧ ಕೂದಲು ಕಿತ್ತುಬರುತ್ತದೆ, ಸಾಕಪ್ಪಾ ಸಾಕು ಎಂದು ಗೊಣಗುತ್ತ ತಿರುಗಿಸಿ ತಿರುಗಿಸಿ ನೋಡಿದಳು. ಮತ್ತೆ ತಿರುಗಿಸಿದಳು. ಗೊಣಗಾಟ ನಿಂತಿತು. "ಬಾಯಿಗೆ ಏನು ಹಾಕಿದೀರಿ?"

"ರಾಳ ಮೇಡಂ. ಕೇಬಲ್ ಗಂಟಿಗೆ ಹಾಕೋದು. ನಾರ್ತಿತ್ತು, ಅದಕ್ಕೆ…"

"ನಾರ್ತಿತ್ತು" ಎಂದು ಆಕೆ ಅದೊಂದೇ ಪದವನ್ನು ಬಾಯಲ್ಲಿಟ್ಟು ರುಚಿ ನೋಡಿದಳು. "ಒಳಗೆ ಹುಳು ಇತ್ತು. ಹುಳು ಇದ್ದ ಹಾಗೇನೇ ಮುಚ್ಚಿಬಿಟ್ರಾ? ತೆಗೀಲಿಲ್ವಾ? ಬೇಯಿಸ್ಲಿಲ್ವಾ? ಸೂಜಿ ಹಾಕ್ಲಿಲ್ವಾ?"

"ಇಲ್ಲ ಮೇಡಂ. ಅದರ ಮುಚ್ಚಳಾನೂ ಒಳಗೇ ಇದೆ."

ಆಕೆ ನಗತೊಡಗಿದಳು. ಮೊದಲು ಸದ್ದಿಲ್ಲದೆ, ಹೆಗಲು ಮಾತ್ರ ಕುಣಿಯುವ ಹಾಗೆ. ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವ ಹಾಗೆ. ಅವಳ ಕೈಕೆಳಗೆ ಓದುವ ಹುಡುಗಿಯರಿಬ್ಬರು ಪಕ್ಕದ ಕೋಣೆಯಿಂದ ಓಡಿಬಂದರು. "ಮೈ ಕೊಳೆಯುತ್ತೆ, ಹಲ್ಲು ಕೊಳೆಯಲ್ಲ" ಎಂದಳು ಎಲ್ಲರಿಗೂ ಸೇರಿಸಿ. ಈ ಹುಳುಗಳ ನಾಲಿಗೆಯ ಮೇಲೆ ಸಾಲು ಸಾಲು ಹಲ್ಲಿರುತ್ತವೆ, ಯಾವ ಹುಳು, ಏನು ತಿನ್ನುತ್ತದೆ, ಯಾರ ಸಂಬಂಧಿ, ಎಲ್ಲ ಅದರಲ್ಲಿ ಗೊತ್ತಾಗುತ್ತದೆ. ಖಾಲಿ ಚಿಪ್ಪಿನಲ್ಲಿ ಅದು ಇರುವುದಿಲ್ಲ, ತೊಳೆದಿಟ್ಟ ಚಿಪ್ಪಿನಲ್ಲೂ ಇರುವುದಿಲ್ಲ. "ಆವತ್ತು ಇವರು ನಂಗೆ ಕೊಟ್ಟಿದ್ರೆ ನಾನು ಬಾಟಲಿಗೆ ಹಾಕ್ತಿದ್ದೆ. ಆ ಹಡಗಲ್ಲಿ ವಾಪಸ್ ಬರುವಾಗ ಗಾಳಿ ಎದ್ದಿತ್ತಲ್ಲ, ನನ್ನ ಬಾಟಲಿ ಅಷ್ಟೂ ಒಡೆದು ಹೋದ್ವು. ಒಂದೂ ಉಳೀಲಿಲ್ಲ. ಆ ಅರ್ಧ ಚಿಪ್ಪೂ ಇಡೀದೇ ಇತ್ತು, ಆವತ್ತೇ ಅರ್ಧ ಆಗಿದ್ದು." ತಟ್ಟನೆ ಅವನ ಕಡೆ ಬೆರಳು ಮಾಡಿ, "ಇದನ್ನ ನಿಮಗೆ ಸಮಾಧಾನ ಆಗ್ಲಿ ಅಂತ ಹೇಳ್ತಿಲ್ಲ. ಕದ್ದಿದ್ದು ಕದ್ದಿದ್ದೇ" ಎಂದಳು. "ಹೌದು ಮೇಡಂ" ಎಂದ ಅವನು. ಆದರೆ ಅವನ ಮುಖದ ಗಂಟು ತಾನಾಗಿಯೇ ಸಡಿಲವಾಗಿ, ಕೆನ್ನೆಗಳು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಕಿವಿಯ ಕಡೆ ಹೊರಟಿದ್ದವು. ಒಬ್ಬ ಹುಡುಗಿ ನಕ್ಕಳು. ಕಾವಲುಗಾರನೂ ನಕ್ಕು, ತಾನು ಯಾಕೆ ನಕ್ಕೆನೆಂದು ರಿಪೇರಿಯವನ ಮುಖ ನೋಡಿದ.

ಆಗ ಆಕೆ ಒಂದು ನೋಟ್‌ಬುಕ್ಕು ತೆಗೆದು, ಅವನನ್ನು ತನ್ನದೇ ಕುರ್ಚಿಯಲ್ಲಿ ಕೂರಿಸಿ, ಯಾವ ದಿನ, ಎಷ್ಟು ಆಳ ಎಂದು ಕೇಳಿದಳು. ಅದೆಲ್ಲ ಅವನಿಗೆ ಬಾಯಿಪಾಠ. ತಾನು ಹಾಕಿದ ಒಂದೊಂದು ಗಂಟೂ ಅವನಿಗೆ ನೆನಪಿದೆ. ಅದು ಇನ್ನೂರ ಹದಿನೇಳನೆಯದು, ಹುಳು ಇದ್ದದ್ದು ತುಂಡಾದ ಜಾಗದಿಂದ ಮೂರು ಮಾರು ಆಚೆ, ಕೇಬಲಿನ ಅಡಿ ಬದಿಯಲ್ಲಿ. ಆಕೆ ಬರೆದುಕೊಂಡಳು. ಪೆನ್ನು ನಿಂತಿತು. ಕೇಳುವುದೋ ಬೇಡವೋ ಎಂಬಂತೆ ಕನ್ನಡಕ ಸರಿಮಾಡಿಕೊಂಡಳು. ಧ್ವನಿಗೆ ಆ ಹಳೆಯ ನಡುಕ ಎಲ್ಲಿಂದಲೋ ಬಂದುಬಿಟ್ಟಿತ್ತು.

"ಮೇಲೆ ಬಂದಾಗ… ಜೀವ ಇತ್ತಾ?"

"ಇತ್ತು ಮೇಡಂ."

"ಹೊರಗೆ ಬಂದಿತ್ತಾ? ನೋಡಿದ್ರಾ ನೀವು?"

"ನಡೀತು. ನನ್ನ ಕೈ ಮೇಲೆ ನಡೀತು."

ಆಕೆ ನೋಟ್‌ಬುಕ್ಕಿನ ಹೊಸ ಪುಟ ತೆರೆದಳು. ಆಮೇಲೆ ಆಕೆ ಒಂದೊಂದೇ ಶಬ್ದವನ್ನು ಎತ್ತಿ ಇಡುತ್ತ ಹೇಳಿದಳು, "ಗಂಟಣ್ಣ, ಈ ಹುಳುವನ್ನ ಜೀವಂತ ನೋಡಿರೋ ಮನುಷ್ಯ ಪ್ರಪಂಚದಲ್ಲಿ ನೀವೊಬ್ಬರೇ. ನಾನೂ ನೋಡಿಲ್ಲ. ಹೇಳಿ. ಎಲ್ಲಾ ಹೇಳಿ."

ಮನೆಯಲ್ಲಿ ಅವನು ಕಥೆ ಶುರುಮಾಡಿದರೆ ಹೆಂಡತಿ ಎರಡನೆಯ ವಾಕ್ಯಕ್ಕೆ ಅಡುಗೆಮನೆಗೆ ಹೋಗುತ್ತಿದ್ದಳು, ಮಗಳು ಫೋನು ತೆಗೆಯುತ್ತಿದ್ದಳು. ಅದು ಅವರ ತಪ್ಪೇನಲ್ಲ, ಅವನ ಕಥೆಗಳೆಲ್ಲ ಕೇಬಲಿನ ಹಾಗೆಯೇ ಉದ್ದ, ಕಪ್ಪು, ಎಲ್ಲಿ ನೋಡಿದರೂ ಒಂದೇ ಥರ. ಹುಳುವಿನ ಕಥೆಯನ್ನು ಅವರಿಗೂ ಹೇಳಿರಲಿಲ್ಲ, ಹೇಳಿದರೆ ಕದ್ದದ್ದೂ ಹೇಳಬೇಕಾಗುತ್ತಿತ್ತು. ಹೇಳದೆಯೇ ಇದ್ದುದರಿಂದ ಅದು ಒಂದಿಷ್ಟೂ ಸವೆಯದೆ ಒಳಗೆ ಇತ್ತು. ಅವನು ಹೇಳಿದ. ಗುಡಾರದಲ್ಲಿ ತಾನೊಬ್ಬನೇ ಇದ್ದದ್ದು, ಎಲ್ಲರೂ ತಿಂಡಿಗೆ ಹೋಗಿದ್ದದ್ದು, ಕೇಬಲಿನ ಮೇಲಿನ ಕೆಸರು ಒರೆಸುವಾಗ ಇದು ಕೈಗೆ ಬಂದದ್ದು. ಕಲ್ಲೆಂದುಕೊಂಡು ಅಂಗೈಲಿ ಇಟ್ಟುಕೊಂಡಿದ್ದ. ಕಲ್ಲು ಬಾಯಿ ತೆರೆಯಿತು. ಹಾಲಿನ ಕೆನೆಯ ಬಣ್ಣದ ಪಾದ, ಅಂಚಿಗೆ ಮಾತ್ರ ನೇರಳೆಯ ಒಂದು ಗೆರೆ, ಪೆನ್ಸಿಲ್ಲಿನಲ್ಲಿ ಎಳೆದಷ್ಟು ಸಣ್ಣ. ಎರಡು ಮೀಸೆ. ಒಂದು ಉದ್ದ, ಒಂದು ಸ್ವಲ್ಪ ಗಿಡ್ಡ. ಕಣ್ಣಿರಲಿಲ್ಲ. "ಇರಲಿಲ್ಲ ಅಂತ ಖಾತ್ರಿ ಇದೆಯಾ?" "ಹುಡುಕಿದೆ ಮೇಡಂ. ನನ್ನ ನೋಡ್ತಾ ಇದೆಯ ಅಂತ ನೋಡೋಕೆ ಹುಡುಕಿದೆ." ಹೆಬ್ಬೆರಳಿನ ಬುಡದಿಂದ ಕಿರುಬೆರಳಿನ ತುದಿಯವರೆಗೆ ಹೋಯಿತು. ಎಷ್ಟು ಹೊತ್ತು ಹಿಡಿಯಿತು ಎಂದು ಆಕೆ ಕೇಳಿದಳು. ಗಡಿಯಾರ ನೋಡಿರಲಿಲ್ಲ. ಹತ್ತು ನಿಮಿಷವೇ? ಕಮ್ಮಿಯೇ? ಅವನು ತಲೆ ಕೆರೆದುಕೊಂಡ. "ಹೇಳೋಕೆ ಬರಲ್ಲ ಮೇಡಂ. ಬೇಕಾದ್ರೆ ತೋರಿಸ್ತೀನಿ."

ಎಡಗೈಯನ್ನು ಮೇಜಿನ ಮೇಲೆ ಅಂಗಾತ ಬಿಚ್ಚಿಟ್ಟ. ಬಲಗೈಯ ಎರಡು ಬೆರಳನ್ನು ಮಡಿಸಿ, ಗೆಣ್ಣುಗಳನ್ನು ಹೆಬ್ಬೆರಳಿನ ಬುಡಕ್ಕೆ ತಂದಿಟ್ಟ. ಆಕೆ ಫೋನಿನಲ್ಲಿ ಗಡಿಯಾರ ಒತ್ತಿದಳು. ಹುಡುಗಿಯರಿಬ್ಬರೂ ಬಾಗಿದರು, ರಿಪೇರಿಯವನು ಚೀಲ ಕೆಳಗಿಟ್ಟ, ಕಾವಲುಗಾರ ಹಿಂದಿನಿಂದ ಕತ್ತು ಚಾಚಿದ. ಗೆಣ್ಣು ಹೊರಟಿತು, ಹೊರಟಿದೆಯೆಂದು ಸ್ವಲ್ಪ ಹೊತ್ತು ಯಾರಿಗೂ ಗೊತ್ತಾಗಲಿಲ್ಲ. ಮೊದಮೊದಲು ಅವನಿಗೆ ನಾಚಿಕೆಯಾಗುತ್ತಿತ್ತು, ಇಷ್ಟು ಜನರೆದುರು ಈ ವಯಸ್ಸಿನಲ್ಲಿ ಹುಳುವಾಗುವುದೆಂದರೇನು ಎಂದು. ಅಂಗೈಯ ಮಧ್ಯದ ಗೆರೆ ದಾಟುವಷ್ಟರಲ್ಲಿ ಆ ಜನ ಹಿಂದೆ ಸರಿದರು, ಗುಡಾರದ ಟಾರ್ಪಾಲು ಪಟಪಟ ಎಂದಿತು, ಸಾವಿರದ ನಾನೂರು ಮೀಟರಿನ ತಂಪು ಅಂಗೈಗೆ ಹತ್ತಿತು, ಅದರ ನಡಿಗೆಯ ಅಂಟು, ಅದರ ತೂಕ, ಅಷ್ಟು ಆಳದಿಂದ ಎತ್ತಿ ಬೆಳಕಿಗೆ ಹಾಕಿದರೂ ಹೆದರದೆ ತನ್ನ ಪಾಡಿಗೆ ಎಲ್ಲಿಗೋ ಹೊರಟ ಅದರ ಧೈರ್ಯ. ಉಂಗುರದ ಬೆರಳಿನ ಬುಡಕ್ಕೆ ಬಂದು ಗೆಣ್ಣು ನಿಂತುಬಿಟ್ಟಿತು.

"ಯಾಕೆ ನಿಲ್ಲಿಸಿದ್ರಿ?" ಎಂದಳು ಆಕೆ ಮೆಲ್ಲಗೆ.

"ನಾನಲ್ಲ ಮೇಡಂ. ಅದು ಇಲ್ಲಿ ನಿಂತಿತ್ತು."

ಎಲ್ಲರೂ ಕಾದರು. ಆಕೆಯ ಪೆನ್ನು ಕಾಗದದ ಮೇಲೆ ತುಸು ಎತ್ತರದಲ್ಲಿ ಹಾಗೆಯೇ ನಿಂತಿತ್ತು. ಕೆಳಗಡೆ ಎಲ್ಲೋ ಶಾಲೆಯ ಮಕ್ಕಳ ಗದ್ದಲ ಮೆಟ್ಟಿಲು ಹತ್ತಿ ಬಂದು, ಬಾಗಿಲ ಮುಂದೆ ಹಾದು ದೂರವಾಯಿತು. ಯಾರೂ ತಿರುಗಿ ನೋಡಲಿಲ್ಲ. ಐದು ಜನರ ಉಸಿರು ತನ್ನ ಅಂಗೈಯ ಸುತ್ತ ನಿಂತಿರುವುದು ಗಂಟಣ್ಣನಿಗೆ ತಿಳಿಯುತ್ತಿತ್ತು. ಬೇಗ ಮುಗಿಸಿಬಿಡಬೇಕೆಂದು ಅವನಿಗೆ ಅನ್ನಿಸಲಿಲ್ಲ. ಅದು ಎಷ್ಟು ಹೊತ್ತು ನಿಂತಿತ್ತೋ ಅಷ್ಟೂ ಹೊತ್ತು ನಿಂತ. ಆಮೇಲೆ ಗೆಣ್ಣು ಅಲುಗಿತು.

"ಹೊರಟ್ತು ಮೇಡಂ" ಎಂದು ಪಿಸುಗುಟ್ಟಿದ ಕಾವಲುಗಾರ, ಸಂತೋಷ ತಡೆಯಲಾರದೆ ರಿಪೇರಿಯವನ ತೋಳು ಹಿಡಿದುಕೊಂಡು. "ಹೊರಟ್ತು, ಹೊರಟ್ತು!"